ಕೌಬಾಯ್: ಕೂಲಿಕಾರನೂ ಕಟ್ಟುಕಥೆಯೂ

ಈ ಪತ್ರಿಕೆಯ ಹಿಂದಿನ ಸಂಚಿಕೆಯೊಂದರಲ್ಲಿ ಮಿತ್ರರೊಬ್ಬರು ಅಮೆರಿಕೆಯ ಪಶ್ಚಿಮದ ಬಯಲುನಾಡಿನ ಕೌಬಾಯ್ ಎಂಬವನನ್ನು ಕುರಿತು ಬಹಳ ಉತ್ಸಾಹದಿಂದ ಬರೆದಿರುವರು. ಅವರ ಶೈಲಿ ಸೊಗಸಾಗಿದೆ, ಉತ್ಸಾಹದಲ್ಲಿ ಕಪಟವಿಲ್ಲ. ಆದರೆ ಸೊಗಸಾಗಿ ಹೇಳಿದುದೆಲ್ಲವೂ ಸತ್ಯವಾಗಲಾರದು. ಅವರು ಬರೆದುದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಚಲಚ್ಚಿತ್ರಗಳನ್ನು ನೋಡಿ, ಅಗ್ಗದ ಕಾದಂಬರಿಗಳನ್ನು ಓದಿ ನಮ್ಮ ವಿದ್ಯಾವಂತರ ಮನೆಗಳಲ್ಲಿ ಹಿರಿಯರೂ ಕಿರಿಯರೂ ಇದನ್ನೇ ನಂಬಿಕೊಂಡಿರುವುದರಿಂದ ಉತ್ತರ ಕೊಡುವುದು ಆವಶ್ಯಕವಾಯಿತು.

ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಕುಗ್ಗಿಸದೆ ಪೂರ್ತಿಯಾಗಿ ಹೇಳಿ, ಆಮೇಲೆ ಅದನ್ನು ಪರಿಶೀಲಿಸುವುದು ಸಂಪ್ರದಾಯ. ಅದರಂತೆ ಮಿತ್ರರ ವಾದವನ್ನು ಮೂರು ಮಾತುಗಳಲ್ಲಿ ಸಂಗ್ರಹಿಸುತ್ತೇನೆ. ಒಂದು, ಕೌಬಾಯ್ ಯಾರ ಅಂಕೆಗೂ ಒಳಪಡದ ಸ್ವತಂತ್ರ ಪುರುಷನು. ಎರಡು, ಅವನು ಬಿಳಿಯ ಅಮೆರಿಕನರ ಸ್ವಂತ ಸೃಷ್ಟಿ. ಅವನಂಥವನು ಬೇರೆ ಯಾವ ಜನಾಂಗದಲ್ಲಿಯೂ ಹುಟ್ಟಲಿಲ್ಲ. ಮೂರು, ಯಾರೂ ಇಲ್ಲದ ಶೂನ್ಯಭೂಮಿಯಲ್ಲಿ ಪಿಸ್ತೂಲಿನ ಬಲದಿಂದ ಅವನು ಧರ್ಮವನ್ನೂ ನಾಗರಿಕತೆಯನ್ನೂ ನೆಲೆಗೊಳಿಸಿದನು. ಈ ಮೂರರಲ್ಲಿ ಒಂದೂ ನಿಲ್ಲುವುದಿಲ್ಲವೆಂದು ತೋರಿಸುವುದೇ ನನ್ನ ಉದ್ದೇಶ. ಎರಡನೆಯದರಿಂದ ಆರಂಭಿಸುವುದು ಅನುಕೂಲ. ಏಕೆಂದರೆ ಅದಕ್ಕೆ ಹೆಸರಿನಲ್ಲಿಯೇ ಉತ್ತರವಿದೆ.

ಕೌಬಾಯ್ ಎಂದರೆ ಅಕ್ಷರಶಃ ದನದ ಹುಡುಗ. ನಮ್ಮ ಮಾತಿನಲ್ಲಿ ದನಗಾಹಿ, ಸಂಸ್ಕೃತದಲ್ಲಿ ಗೋಪಾಲ. ಗೋಪಾಲನಿಗೆ ಅಮರಕೋಶವು ಹೇಳುವ ಪರ್ಯಾಯಗಳಲ್ಲಿ ಗೋಸಂಖ್ಯ ಎಂಬುದೂ ಒಂದು. ದನಗಳ ಲೆಕ್ಕವನ್ನಿಡುವವನು ಎಂದು ಅದರ ಭಾವ. ಟೆಕ್ಸಸ್ಸಿನಿಂದ ಹೊಡೆದುಕೊಂಡು ಹೋದ ಮಂದೆಯನ್ನು ಕಾನ್ಸಸ್ಸಿನ ವ್ಯಾಪಾರಿಗೆ ತಲೆ ಎಣಿಸಿ ಒಪ್ಪಿಸುತ್ತಿದ್ದವನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಅಜ್ಞಾತವಾಸದಲ್ಲಿ ಸಹದೇವನು ವಿರಾಟನ ಗೋವುಗಳ ಲೆಕ್ಕವನ್ನಿಟ್ಟುಕೊಂಡು ಕಾಲ ಕಳೆದನೆಂಬುದು ಎಲ್ಲರಿಗೂ ತಿಳಿದ ಕಥೆ. ಆ ಗೋವುಗಳ ಒಡೆಯನು ವಿರಾಟನೇ ಹೊರತು ಸಹದೇವನಲ್ಲ. ಈ ಭೇದವನ್ನು ವಾಚಕರು ಜ್ಞಾಪಕದಲ್ಲಿಡಬೇಕು, ಮುಂದೆ ಬೇಕಾಗುವುದು.

ಇನ್ನು ಆ ದನಗಳೂ ಆ ವಿದ್ಯೆಯೂ ಎಲ್ಲಿಂದ ಬಂದವು? ಅಮೆರಿಕಾ ಖಂಡದಲ್ಲಿ ಮೊದಲು ನಮ್ಮ ನಿಮ್ಮ ಮನೆಯ ದನಗಳಂಥ ದನಗಳಿರಲಿಲ್ಲ. ೧೪೯೩ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾತ್ರೆಯಲ್ಲಿ ಅವನ್ನು ಕೆರಿಬಿಯನ್ ದ್ವೀಪಗಳಿಗೆ ತಂದನು. ೧೫೨೧ರ ಸುಮಾರಿಗೆ ಅವು ಮೆಕ್ಸಿಕೋ ದೇಶವನ್ನು ಮುಟ್ಟಿದವು. ಕುದುರೆಯ ಮೇಲೆ ಕುಳಿತು, ಹಗ್ಗದ ಕುಣಿಕೆಯನ್ನು ಬೀಸಿ, ಬಯಲಿನಲ್ಲಿ ಬಿಟ್ಟ ದನವನ್ನು ಹಿಡಿಯುವ ವಿದ್ಯೆಯನ್ನು ಅಲ್ಲಿ ಬೆಳೆಸಿದವರು ವಕೇರೋ ಎಂಬವರು. ಸ್ಪ್ಯಾನಿಷ್ ಭಾಷೆಯಲ್ಲಿ ವಾಕಾ ಎಂದರೆ ಹಸು. ವಕೇರೋ ಎಂದರೆ ಗೋಪಾಲ. ಇವರಲ್ಲಿ ಬಹುಮಂದಿ ಆ ದೇಶದ ಮೂಲನಿವಾಸಿಗಳು ಅಥವಾ ಮಿಶ್ರಕುಲದವರು. ಇಂಗ್ಲಿಷನ್ನಾಡುವ ಜನ ಟೆಕ್ಸಸ್ಸಿಗೆ ಬಂದು ನೆಲಸಿದಾಗ ಈ ಗುರುಗಳಿಂದಲೇ ಕಸಬನ್ನು ಕಲಿತರು. ಕಸಬಿನೊಡನೆ ಮಾತುಗಳನ್ನೂ ಎತ್ತಿಕೊಂಡರು. ಲಾಸೋ ಎಂಬ ಕುಣಿಕೆ, ಲಾ ರಿಯಾತಾ ಎಂಬುದರಿಂದ ಹುಟ್ಟಿದ ಲ್ಯಾರಿಯಟ್ ಎಂಬ ಹಗ್ಗ, ರಾಂಚೋ ಎಂಬುದರಿಂದ ರಾಂಚ್, ಎಸ್ತಾಂಪೀದಾ ಎಂಬುದರಿಂದ ಸ್ಟ್ಯಾಂಪೀಡ್, ಹೀಗೆ ಆ ಕಸಬಿನ ಮುಖ್ಯ ಶಬ್ದಗಳೆಲ್ಲ ಸಾಲದ ಸೊತ್ತು. ವಕೇರೋ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ಸವೆದು ಬಕರೂ ಎಂದಾಯಿತು. ಒಂದು ಜನಾಂಗದ ಸ್ವಂತ ಸೃಷ್ಟಿಗೆ ಸ್ವಂತ ಭಾಷೆಯಲ್ಲಿ ಹೆಸರಿಲ್ಲದಿರುವುದು ವಿಚಿತ್ರವಲ್ಲವೆ?

ಪ್ರಸಂಗಕ್ಕೆ ಬಂದುದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಟೆಕ್ಸಸ್ಸಿನ ದನಗಳನ್ನು ಕಾಡುತ್ತಿದ್ದ ಜ್ವರವು ಉಣುಗಿನ ಕಡಿತದಿಂದ ಹರಡುವುದೆಂದು ೧೮೯೩ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಉಣುಗಿಗೂ ಬಿಸಿಲಿಗೂ ಜಗ್ಗದ ದನವೆಲ್ಲಿ ಸಿಕ್ಕೀತೆಂದು ಹುಡುಕಿದವರಿಗೆ ಅದು ಸಿಕ್ಕಿದುದು ಹಿಂದೂದೇಶದಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಅಲ್ಲಿಗೆ ಅಲ್ಪಸ್ವಲ್ಪ ಹೋಗುತ್ತಿದ್ದ ಗೂನುಬೆನ್ನಿನ ಹೋರಿಗಳು ೧೯೦೬ರಲ್ಲಿ ದೊಡ್ಡ ತಂಡವಾಗಿ ಟೆಕ್ಸಸ್ಸಿಗೆ ಹೋದವು. ಓಂಗೋಲು, ಗೀರ್, ಗುಜರಾತಿನ ಕಾಂಕ್ರೇಜ್ ತಳಿಗಳೊಡನೆ ನಮ್ಮ ಕೃಷ್ಣಾತೀರದ ತಳಿಯ ರಕ್ತವೂ ಸೇರಿ ಅಲ್ಲಿ ಒಂದು ಹೊಸ ತಳಿ ಹುಟ್ಟಿತು. ಅದಕ್ಕೆ ಅವರು ಬ್ರಾಮನ್ ಎಂದು ಹೆಸರಿಟ್ಟರು. ಹೀಗೆ ವಿದ್ಯೆ ಮೆಕ್ಸಿಕೋದ್ದು, ಮೊದಲಿನ ದನ ಸ್ಪೇನಿನದು, ಆಮೇಲಿನ ದನದಲ್ಲಿ ಭಾರತದ ಪಾಲು. ಸ್ವಂತ ಸೃಷ್ಟಿ ಎಂಬ ಮಾತಿಗೆ ಉಳಿದುದೇನು?

ಉಳಿದುದು ಮನುಷ್ಯನೊಬ್ಬ ಎನ್ನುವಿರೋ? ಅವನಾದರೂ ಬಿಳಿಯನೊಬ್ಬನೇ ಅಲ್ಲ. ದನಗಳ ಮಹಾಪ್ರಯಾಣದ ಕಾಲದಲ್ಲಿ ಕೌಬಾಯಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನು ಆಫ್ರಿಕಾ ಮೂಲದ ಕಪ್ಪು ಮನುಷ್ಯನಾಗಿದ್ದನೆಂದು ಚರಿತ್ರಕಾರರು ಅಂದಾಜು ಮಾಡಿರುವರು. ಅವರಲ್ಲಿ ಅನೇಕರು ೧೮೬೫ರವರೆಗೆ ಗುಲಾಮರಾಗಿದ್ದು, ಒಡೆಯರ ದನಗಳನ್ನು ಕಾಯುತ್ತ ಈ ವಿದ್ಯೆಯನ್ನು ಕಲಿತವರು. ಬೋಸ್ ಐಕಾರ್ಡ್ ಎಂಬ ಅಂಥವನೊಬ್ಬನು ಚಾರ್ಲ್ಸ್ ಗುಡ್‌ನೈಟ್ ಎಂಬ ಪ್ರಸಿದ್ಧ ದನದ ವ್ಯಾಪಾರಿಯ ಮಂದೆಗಳೊಡನೆ ದುಡಿದನು. ಆ ಧಣಿಯು ತನ್ನ ಹಣವನ್ನೆಲ್ಲ ಅವನ ವಶದಲ್ಲಿಡುವಷ್ಟು ಅವನನ್ನು ನಂಬಿದ್ದನು. ೧೯೨೯ರಲ್ಲಿ ಐಕಾರ್ಡ್ ತೀರಿಕೊಂಡಾಗ ತೊಂಬತ್ತು ದಾಟಿದ್ದ ಗುಡ್‌ನೈಟ್ ಅವನ ಸಮಾಧಿಗೆ ಕಲ್ಲು ಹಾಕಿಸಿ, ಅವನ ನಿಷ್ಠೆಯನ್ನು ಅದರಲ್ಲಿ ಕೆತ್ತಿಸಿದನು. ತುರುಗಳಿಗಾಗಿ ಸತ್ತವನಿಗೆ ವೀರಗಲ್ಲನ್ನು ನಿಲ್ಲಿಸಿ, ಅವನ ಹೆಸರನ್ನು ಬರೆಯಿಸಿದ ನಾಡಿನವರಾದ ನಮಗೆ ಆ ಕಲ್ಲಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಿತ್ರರು ನೋಡಿದ ಚಿತ್ರಗಳಲ್ಲಿ ಐಕಾರ್ಡನ ಬಣ್ಣದ ಕೌಬಾಯಿ ಎಷ್ಟು ಮಂದಿ ಕಂಡರೆಂದು ಅವರೇ ಹೇಳಲಿ.

ಈಗ ಮೊದಲನೆಯ ಮಾತಿಗೆ ಬರೋಣ. ಸ್ವತಂತ್ರ ಪುರುಷನೆಂದು ಹೇಳುವ ಮೊದಲು ಅವನ ದಿನಚರಿಯನ್ನು ನೋಡಬೇಕು.

೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದಲ್ಲಿ ಟೆಕ್ಸಸ್ಸಿನ ದನಗಳು ನೋಡುವವರಿಲ್ಲದೆ ಬೆಳೆದು ಬಯಲು ತುಂಬಿದವು. ಅಲ್ಲಿ ಮೂರು ನಾಲ್ಕು ಡಾಲರಿಗೆ ಒಂದರಂತೆ ಸಿಗುತ್ತಿದ್ದ ದನಕ್ಕೆ ಉತ್ತರದ ಪಟ್ಟಣಗಳಲ್ಲಿ ಅದರ ಹತ್ತರಷ್ಟು ಬೆಲೆಯಿದ್ದಿತು. ಟೆಕ್ಸಸ್ಸಿನಿಂದ ಅಲ್ಲಿಗೆ ರೈಲುದಾರಿ ಇರಲಿಲ್ಲ. ೧೮೬೭ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿಯು ಕಾನ್ಸಸ್ಸಿನ ಅಬಿಲೀನ್ ಎಂಬ ಸಣ್ಣ ಊರಿನ ರೈಲುನಿಲ್ದಾಣದ ಬಳಿ ದೊಡ್ಡಿಗಳನ್ನು ಕಟ್ಟಿಸಿದನು. ಆ ಒಂದೇ ವರ್ಷ ಸುಮಾರು ೩೫,೦೦೦ ದನಗಳು ಅಲ್ಲಿಂದ ರೈಲು ಹತ್ತಿದವು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಗಳ ಕಾಲ, ಚಿಸಮ್ ದಾರಿ ಮೊದಲಾದ ಹಾದಿಗಳಲ್ಲಿ ದಶಲಕ್ಷಗಟ್ಟಲೆ ದನಗಳು ನಡೆದು ಉತ್ತರಕ್ಕೆ ಹೋದವು. ಅವುಗಳ ಕೊನೆಯ ಗತಿ ಚಿಕಾಗೋ ನಗರದ ಕಸಾಯಿಖಾನೆ. ಅದರ ಧರ್ಮಾಧರ್ಮವು ಬೇರೆ ಚರ್ಚೆ. ಇಲ್ಲಿ ದುಡಿದವನ ವಿಚಾರವಷ್ಟೇ ಪ್ರಕೃತ.

ಎರಡು ಮೂರು ಸಾವಿರ ದನಗಳ ಒಂದು ಮಂದೆಗೆ ಹತ್ತು ಹನ್ನೆರಡು ಮಂದಿ ಸವಾರರು, ಅವರ ಮೇಲೊಬ್ಬ ಯಜಮಾನ, ಕುದುರೆಗಳನ್ನು ನೋಡಿಕೊಳ್ಳುವ ಒಬ್ಬ ಹುಡುಗ, ಒಂದು ಅಡುಗೆಯ ಬಂಡಿ, ಒಬ್ಬ ಅಡುಗೆಯವನು. ದಿನಕ್ಕೆ ಹತ್ತು ಹದಿನೈದು ಮೈಲಿಗಳ ನಡೆ. ಅದಕ್ಕಿಂತ ಅವಸರಪಡಿಸಿದರೆ ದನ ಬಡಕಲಾಗುವುದು. ಬಡಕಲಾದರೆ ಬೆಲೆ ಬೀಳುವುದು. ಹೀಗೆ ಎರಡು ಮೂರು ತಿಂಗಳು. ಅನುಭವಸ್ಥರು ಮಂದೆಯ ಮುಂದೆ, ಉಳಿದವರು ಎರಡು ಮಗ್ಗುಲಲ್ಲಿ. ಹೊಸಬರಿಗೂ ಎಳೆಯರಿಗೂ ಮಂದೆಯ ಹಿಂದೆ, ಸಾವಿರಾರು ಗೊರಸುಗಳು ಎಬ್ಬಿಸಿದ ಧೂಳಿನ ಮಧ್ಯೆ ಸ್ಥಳ. ನಮ್ಮವರು ಅಂದವಾದ ವೇಷವೆಂದು ಮೆಚ್ಚಿಕೊಳ್ಳುವ ಕೊರಳವಸ್ತ್ರವು ಆ ಧೂಳಿಗೆ ಮೂಗುಬಾಯಿ ಮುಚ್ಚಿಕೊಳ್ಳುವ ಬಟ್ಟೆ. ಅಗಲ ಅಂಚಿನ ಟೊಪ್ಪಿಗೆ ಬಿಸಿಲಿಗೂ ಮಳೆಗೂ ಕೊಡೆ. ಕಾಲಿನ ಮೇಲಿನ ತೊಗಲು ಮುಳ್ಳುಪೊದೆಗಳಿಗೆ ತಡೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಿರಲೆಂದು. ಅದು ವೇಷವಲ್ಲ, ಬಡಗಿಗೆ ಬಾಚಿ ಹೇಗೋ ಹಾಗೆ ಅವನಿಗೆ ಉಪಕರಣ.

ರಾತ್ರಿಯಲ್ಲಿಯೂ ಬಿಡುವಿಲ್ಲ. ಇಬ್ಬಿಬ್ಬರು ಸರದಿಯ ಮೇಲೆ, ಒಬ್ಬರಿಗೊಬ್ಬರು ಎದುರಾಗಿ, ಮಲಗಿದ ಮಂದೆಯನ್ನು ಸುತ್ತಬೇಕು. ಹಾಗೆ ಸುತ್ತುವಾಗ ಮೆಲುದನಿಯಲ್ಲಿ ಹಾಡುತ್ತಿರಬೇಕು. ಇದು ವಿನೋದಕ್ಕಲ್ಲ, ಕತ್ತಲಲ್ಲಿ ಇದ್ದಕ್ಕಿದ್ದಂತೆ ಸವಾರನ ಸದ್ದು ಕೇಳಿ ದನ ಬೆದರದಿರಲಿ ಎಂದು. ಒಂದು ಗುಡುಗು, ಒಂದು ಮಿಂಚು, ಒಂದು ತೋಳದ ಕೂಗು ಸಾಕು. ಮೂರು ಸಾವಿರ ದನಗಳು ಒಮ್ಮೆಗೇ ಎದ್ದು ಓಡುವುವು. ಆ ಕತ್ತಲಲ್ಲಿ ಬಿಲಗಳಿಂದ ತುಂಬಿದ ನೆಲದ ಮೇಲೆ ಕುದುರೆ ಓಡಿಸಿ ಮುಂದಿನ ದನಗಳನ್ನು ತಿರುಗಿಸಬೇಕು. ಕುದುರೆ ಮುಗ್ಗರಿಸಿದರೆ ಸವಾರನ ಕಥೆ ಮುಗಿಯಿತು. ನಿದ್ರೆ ತಡೆಯಲಾರದೆ ಹೊಗೆಸೊಪ್ಪಿನ ರಸವನ್ನು ಕಣ್ಣಿಗೆ ಹಚ್ಚಿಕೊಂಡು ಎಚ್ಚರವಾಗಿರುತ್ತಿದ್ದ ಸಂಗತಿಯನ್ನು ಈ. ಸಿ. ಆಬಟ್ ಎಂಬ ಹಳೆಯ ಕೌಬಾಯಿಯು ೧೯೩೯ರಲ್ಲಿ ಪ್ರಕಟವಾದ ತನ್ನ ಸ್ಮೃತಿಗ್ರಂಥದಲ್ಲಿ ಹೇಳಿರುವನು. ತುಂಬಿದ ಹೊಳೆಯಲ್ಲಿ ಮುಳುಗಿ, ಕುದುರೆ ಎಳೆದಾಡಿ, ಸಿಡಿಲು ಹೊಡೆದು ಸತ್ತವರು ಅನೇಕರು. ಚಿತ್ರಗಳಲ್ಲಿ ಅವರೆಲ್ಲ ಗುಂಡು ತಗಲಿಯೇ ಸಾಯುತ್ತಾರೆ.

ಈ ದುಡಿತಕ್ಕೆ ಪ್ರತಿಫಲವೆಷ್ಟು? ತಿಂಗಳಿಗೆ ೨೫ರಿಂದ ೪೦ ಡಾಲರು. ಒಳ್ಳೆಯ ಜೀನೊಂದಕ್ಕೆ ಒಂದು ತಿಂಗಳ ಸಂಬಳವೆಲ್ಲ ಹೋಗುವುದು. ಜೀನು ಅವನದು, ಕೆಲಸಕ್ಕೆ ಕೊಟ್ಟ ಕುದುರೆಗಳು ಸಾಮಾನ್ಯವಾಗಿ ಧಣಿಯವು, ದನ ಧಣಿಯದು, ನೆಲ ಸರ್ಕಾರದ್ದು ಅಥವಾ ಕಂಪನಿಯದು. ಚಳಿಗಾಲ ಬಂದಾಗ ಬಹುಮಂದಿಗೆ ಕೆಲಸವೂ ಇಲ್ಲ. ಇಂಥವನನ್ನು ನಾವು ನಮ್ಮ ಊರಿನಲ್ಲಿ ಕಂಡರೆ ಸ್ವತಂತ್ರ ಪುರುಷನೆನ್ನುವೆವೋ, ಕೂಲಿಯವನೆನ್ನುವೆವೋ?

ಆ ಧಣಿಗಳಾದರೂ ಯಾರು? ೧೮೮೦ರ ನಂತರ ಅವರಲ್ಲಿ ಅನೇಕರು ಆ ಬಯಲನ್ನು ಕಣ್ಣಿನಿಂದ ಕಂಡವರೇ ಅಲ್ಲ. ಎಡಿನ್‌ಬರೋ, ಡಂಡೀ, ಲಂಡನ್ ನಗರಗಳಲ್ಲಿ ಕುಳಿತ ಪಾಲುದಾರರು. ಟೆಕ್ಸಸ್ಸಿನ ಪ್ರಸಿದ್ಧವಾದ ಮಾಟಡೋರ್ ಕಂಪನಿ ೧೮೮೨ರಲ್ಲಿ ಸ್ಥಾಪಿತವಾದುದು ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ. ಆ ನಗರದ ಐಶ್ವರ್ಯಕ್ಕೆ ಮೂಲ ಸೆಣಬಿನ ಗಿರಣಿಗಳು. ಆ ಸೆಣಬು ಬೆಳೆದುದು ವಂಗದೇಶದ ರೈತನ ಹೊಲದಲ್ಲಿ. ವಂಗದ ರೈತನ ಬೆವರು ಡಂಡೀಯಲ್ಲಿ ಬಂಡವಾಳವಾಗಿ, ಟೆಕ್ಸಸ್ಸಿನಲ್ಲಿ ದನವಾಯಿತು. ಅದನ್ನು ಕಾದವನು ಕೌಬಾಯ್. ಇವರಿಬ್ಬರಲ್ಲಿ ಒಬ್ಬನನ್ನು ದೀನನೆಂದೂ ಇನ್ನೊಬ್ಬನನ್ನು ವೀರನೆಂದೂ ನಾವು ಎಣಿಸುತ್ತಿರುವುದು ಟೊಪ್ಪಿಗೆಯ ಮಹಿಮೆಯೇ ಹೊರತು ಬೇರೆಯಲ್ಲ.

ಎಕ್ಸ್‌ಐಟಿ ಎಂಬ ಇನ್ನೊಂದು ರಾಂಚಿನ ವಿಸ್ತಾರ ೩೦ ಲಕ್ಷ ಎಕರೆ. ಆಸ್ಟಿನ್ ನಗರದಲ್ಲಿ ಟೆಕ್ಸಸ್ ಸರ್ಕಾರದ ಭವನವನ್ನು ಕಟ್ಟಿಸಿಕೊಟ್ಟುದಕ್ಕೆ ಪ್ರತಿಯಾಗಿ ಬಂದ ಭೂಮಿ ಅದು. ಅದಕ್ಕೆ ಬಂಡವಾಳ ಹೂಡಿದವರಲ್ಲಿ ಲಂಡನ್ನಿನವರಿದ್ದರು. ೧೮೮೮ರಲ್ಲಿ ಆ ರಾಂಚಿನವರು ಹೊರಡಿಸಿದ ನಿಯಮಾವಳಿಯನ್ನು ಮಿತ್ರರು ಅವಶ್ಯವಾಗಿ ಗಮನಿಸಬೇಕು. ನೌಕರನು ಪಿಸ್ತೂಲು ಇಟ್ಟುಕೊಳ್ಳಕೂಡದು, ಇಸ್ಪೀಟು ಆಡಕೂಡದು, ಮದ್ಯ ತರಕೂಡದು, ರಾಂಚಿನಲ್ಲಿ ತನ್ನದೆಂದು ಒಂದು ದನವನ್ನೂ ಸಾಕಕೂಡದು. ಚಿತ್ರದ ಕೌಬಾಯಿಯ ಲಕ್ಷಣಗಳೆಂದು ನಾವು ತಿಳಿದುಕೊಂಡಿರುವ ಮೂರನ್ನೂ ನಿಜವಾದ ಕೌಬಾಯಿಗೆ ಅವನ ಧಣಿ ನಿಷೇಧಿಸಿದ್ದನು. ಕೊನೆಯ ನಿಷೇಧವೇ ಎಲ್ಲಕ್ಕಿಂತ ಕ್ರೂರವಾದುದು. ಹಿಂದೆ ಒಡೆಯನಿಲ್ಲದ ಕರುವಿಗೆ ತನ್ನ ಬರೆ ಹಾಕಿಕೊಂಡು ಕೂಲಿಯವನು ಕಾಲಕ್ರಮದಲ್ಲಿ ನಾಲ್ಕು ದನಗಳ ಒಡೆಯನಾಗಬಹುದಾಗಿತ್ತು. ಕಂಪನಿಗಳು ಬಂದ ಮೇಲೆ ಆ ಬಾಗಿಲು ಮುಚ್ಚಿತು.

ಸುಮ್ಮನಿದ್ದರೆ ಅವರು? ಇಲ್ಲ. ೧೮೮೩ರ ವಸಂತದಲ್ಲಿ ಟೆಕ್ಸಸ್ಸಿನ ಉತ್ತರಭಾಗದ ಕೌಬಾಯಿಗಳು ತಿಂಗಳಿಗೆ ೫೦ ಡಾಲರು ಕೊಡಬೇಕೆಂದು ಬರೆದ ಕಾಗದಕ್ಕೆ ೨೪ ಮಂದಿ ರುಜು ಹಾಕಿ, ಮಾರ್ಚಿ ೩೧ರ ಗಡುವು ಕೊಟ್ಟು ಕೆಲಸ ಬಿಟ್ಟರು. ಅಡುಗೆಯವನಿಗೂ ಅಷ್ಟೇ ಸಂಬಳವಾಗಬೇಕೆಂಬುದೂ ಅದರಲ್ಲಿ ಸೇರಿತ್ತು. ಇನ್ನೂ ಅನೇಕರು ಅವರನ್ನು ಕೂಡಿಕೊಂಡರು. ಧಣಿಗಳು ಅವರನ್ನು ತೆಗೆದುಹಾಕಿ ಹೊಸಬರನ್ನು ಸೇರಿಸಿಕೊಂಡರು. ಎರಡು ಮೂರು ತಿಂಗಳೊಳಗೆ ಮುಷ್ಕರ ಮುರಿಯಿತು. ಕುದುರೆಯ ಮೇಲೆ ಕುಳಿತು ಸೂರ್ಯಾಸ್ತದ ಕಡೆಗೆ ಹೋಗುವ ಏಕಾಂಗಿಯ ಚಿತ್ರವನ್ನು ನಮ್ಮ ಮಕ್ಕಳು ನೂರು ಸಲ ನೋಡಿರುವರು. ಒಂದೇ ಕಾಗದಕ್ಕೆ ರುಜು ಹಾಕಿದ ಆ ೨೪ ಮಂದಿಯನ್ನು ಒಮ್ಮೆಯಾದರೂ ನೋಡಿರುವರೆ? ಅವರ ಧೈರ್ಯ ಧೈರ್ಯವಲ್ಲವೆ?

ಮೂರನೆಯ ಮಾತು ಶೂನ್ಯಭೂಮಿಯದು. ಇದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ. ಆ ಬಯಲಿನಲ್ಲಿ ಕೋಟಿಗಟ್ಟಲೆ ಕಾಡೆಮ್ಮೆಗಳೂ, ಅವುಗಳನ್ನು ನಂಬಿ ಬದುಕಿದ ಕೊಮಾಂಚಿ, ಕಯೋವ, ಶಯೆನ್ ಮೊದಲಾದ ಜನಾಂಗಗಳೂ ಇದ್ದವು. ೧೮೭೧ರ ಸುಮಾರಿನಿಂದ ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ಕಾಡೆಮ್ಮೆಗಳನ್ನು ಕೊಂದು, ಮಾಂಸವನ್ನು ಕೊಳೆಯಲು ಬಿಟ್ಟು, ತೊಗಲನ್ನು ಮಾತ್ರ ಸಾಗಿಸಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆ ದೇಶದಲ್ಲಿ ಉಳಿದವು ಸಾವಿರದ ಆಸುಪಾಸು. ದನಕ್ಕೆ ಹುಲ್ಲು ಬಿಡುವಾದುದು ಹೀಗೆ.

ಸ್ಥಾಲೀಪುಲಾಕ ನ್ಯಾಯದಿಂದ ಒಂದು ಸ್ಥಳದ ಕಥೆಯನ್ನು ಹೇಳುತ್ತೇನೆ. ಒಂದು ಅಗುಳನ್ನು ಹಿಸುಕಿದರೆ ಅನ್ನದ ಹದ ತಿಳಿಯುವುದು. ಟೆಕ್ಸಸ್ಸಿನ ಪಾಲೋ ಡೂರೋ ಎಂಬ ಆಳವಾದ ಕಣಿವೆಯಲ್ಲಿ ನೀರೂ ಹುಲ್ಲೂ ಸಮೃದ್ಧ, ಚಳಿಗಾಳಿಗೆ ಮರೆ. ೧೮೭೪ರ ಸೆಪ್ಟೆಂಬರಿನಲ್ಲಿ ಕರ್ನಲ್ ಮೆಕೆನ್‌ಜಿಯ ಸೈನ್ಯವು ಅಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೋವ, ಶಯೆನ್ ಜನರ ಮೇಲೆ ಬಿದ್ದಿತು. ಸತ್ತವರು ಕೆಲವರೇ. ಆದರೆ ಗುಡಾರಗಳನ್ನೂ ಚಳಿಗಾಲಕ್ಕೆಂದು ಕೂಡಿಟ್ಟ ಆಹಾರವನ್ನೂ ಸುಟ್ಟು, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಕ್ಕಿ ಕೊಂದರು. ಕುದುರೆಯಿಲ್ಲದೆ, ಅನ್ನವಿಲ್ಲದೆ ಆ ಜನ ಶರಣಾಗತರಾದರು. ೧೮೭೫ರ ಜೂನಿನಲ್ಲಿ ಕ್ವಾನಾ ಪಾರ್ಕರ್ ಎಂಬ ಕೊಮಾಂಚಿ ನಾಯಕನೂ ಬಂದು ಒಪ್ಪಿಸಿಕೊಂಡನು. ೧೮೭೬ರಲ್ಲಿ ಅದೇ ಕಣಿವೆಗೆ, ಮೇಲೆ ಹೇಳಿದ ಗುಡ್‌ನೈಟನು ತನ್ನ ಮಂದೆಯನ್ನು ಇಳಿಸಿ ರಾಂಚನ್ನು ಸ್ಥಾಪಿಸಿದನು. ೧೮೭೪ಕ್ಕೂ ೧೮೭೬ಕ್ಕೂ ಎರಡೇ ವರ್ಷಗಳ ಅಂತರ. ಕಣಿವೆ ಶೂನ್ಯವಾಗಿರಲಿಲ್ಲ, ಶೂನ್ಯವಾಗಿ ಮಾಡಲ್ಪಟ್ಟಿತು. ಈ ಪಾಪವನ್ನು ೩೦ ಡಾಲರಿನ ಕೂಲಿಯವನ ತಲೆಗೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಅವನು ಮಾಡದ ಪುಣ್ಯವನ್ನು ಅವನ ತಲೆಗೆ ಕಟ್ಟಬೇಡಿರೆಂದು ಮಾತ್ರ ಹೇಳುತ್ತೇನೆ.

ಪಿಸ್ತೂಲಿನ ಧರ್ಮವೂ ಹೀಗೆಯೇ. ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ, ಡಾಜ್ ಸಿಟಿ, ಕಾಲ್ಡ್‌ವೆಲ್ ಎಂಬ ಐದು ದನದ ಪೇಟೆಗಳಲ್ಲಿ ದಿನಕ್ಕೊಂದು ಕೊಲೆಯಾಗುತ್ತಿದ್ದಂತೆ ಚಿತ್ರಗಳು ತೋರಿಸುವುವು. ರಾಬರ್ಟ್ ಡಿಕ್ಸ್‌ಟ್ರಾ ಎಂಬ ಚರಿತ್ರಕಾರರು ದಾಖಲೆಗಳನ್ನು ಶೋಧಿಸಿ ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ೧೮೭೦ರಿಂದ ೧೮೮೫ರವರೆಗೆ ಐದೂ ಊರುಗಳಲ್ಲಿ ಸೇರಿ ನಡೆದ ಕೊಲೆಗಳು ೪೫ ಎಂದು ಲೆಕ್ಕ ಕೊಟ್ಟಿರುವರು. ಒಂದು ಚಲಚ್ಚಿತ್ರದಲ್ಲಿ ಒಂದೂವರೆ ಗಂಟೆಯೊಳಗೆ ಇದರ ಅರ್ಧದಷ್ಟು ಮಂದಿ ಬೀಳುವುದುಂಟು. ಊರೊಳಗೆ ಪಿಸ್ತೂಲು ತರಕೂಡದೆಂಬ ಕಟ್ಟಳೆ ಡಾಜ್ ಸಿಟಿ, ವಿಚಿಟಾಗಳಲ್ಲಿ ಇದ್ದಿತು. ಆ ಪೇಟೆಗಳಲ್ಲಿ ಶಾಂತಿ ನೆಲಸಿದುದು ಪಿಸ್ತೂಲನ್ನು ತೆಗೆದಿಡಿಸಿದುದರಿಂದ, ಹಿಡಿದುದರಿಂದಲ್ಲ.

ಪಿಸ್ತೂಲು ಹಿಡಿದು ಗುಂಪುಗೂಡಿ ಬಂದವರು ಯಾರೆಂದು ತಿಳಿಯಬೇಕಾದರೆ ವಯೋಮಿಂಗ್ ಸೀಮೆಯ ಜಾನ್ಸನ್ ಕೌಂಟಿಯಲ್ಲಿ ೧೮೯೨ರಲ್ಲಿ ನಡೆದುದನ್ನು ನೋಡಬೇಕು. ಬರೆ ಹಾಕದ ಕರುಗಳೆಲ್ಲ ದೊಡ್ಡ ಧಣಿಗಳ ಸಂಘದ ವಶಕ್ಕೆ ಸೇರಬೇಕೆಂದು ೧೮೮೪ರಲ್ಲಿಯೇ ಅಲ್ಲಿ ಶಾಸನವಾಗಿತ್ತು. ಸಣ್ಣ ಹಿಡುವಳಿ ಮಾಡಿಕೊಂಡು ನಾಲ್ಕು ದನ ಕಟ್ಟಿದ ಹಳೆಯ ಕೌಬಾಯಿಗಳನ್ನು ಧಣಿಗಳು ಕಳ್ಳರೆಂದು ಕರೆದರು. ೧೮೯೨ರ ಏಪ್ರಿಲಿನಲ್ಲಿ ಟೆಕ್ಸಸ್ಸಿನಿಂದ ಬಾಡಿಗೆಯ ಬಂದೂಕುಗಾರರನ್ನು ಕರೆತಂದು, ತಾವೂ ಸೇರಿ ಸುಮಾರು ೫೦ ಮಂದಿ, ವಿಶೇಷ ರೈಲಿನಲ್ಲಿ ಹೊರಟರು. ನೇಟ್ ಚಾಂಪಿಯನ್ ಎಂಬ ಕೌಬಾಯಿಯ ಗುಡಿಸಲನ್ನು ಮುತ್ತಿ, ಅವನ ಸಂಗಡಿಗನನ್ನು ಕೊಂದು, ಗಂಟೆಗಟ್ಟಲೆ ಒಬ್ಬನೇ ಹೋರಾಡಿದ ಅವನನ್ನು ಗುಡಿಸಲಿಗೆ ಬೆಂಕಿಯಿಟ್ಟು ಹೊರಡಿಸಿ ಗುಂಡಿಕ್ಕಿದರು. ಸುತ್ತಿನ ರೈತರು ರೊಚ್ಚಿಗೆದ್ದು ಈ ದಂಡನ್ನು ಸುತ್ತುಗಟ್ಟಿದಾಗ ಸರ್ಕಾರದ ಸೈನ್ಯ ಬಂದು ಕಾಪಾಡಿದುದು ದಂಡನ್ನು. ಕೊಲೆಗಾರರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಈ ಜೀವನ ಹೆಚ್ಚು ಕಾಲ ನಡೆಯಲೂ ಇಲ್ಲ. ೧೮೭೪ರಲ್ಲಿ ಜೋಸೆಫ್ ಗ್ಲಿಡನ್ ಎಂಬ ಇಲಿನಾಯ್ ರೈತನು ಮುಳ್ಳುತಂತಿಗೆ ಹಕ್ಕುಪತ್ರ ಪಡೆದನು; ಬಯಲಿಗೆ ಬೇಲಿ ಬಿದ್ದಿತು. ರೈಲು ಟೆಕ್ಸಸ್ಸಿಗೇ ಬಂದಿತು. ದನ ನಡೆಯಬೇಕಾದ ಅಗತ್ಯ ತಪ್ಪಿತು. ೧೮೮೬ರ ಬೇಸಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಒಣಗಿ, ಅದರ ಬೆನ್ನಿಗೇ ಬಂದ ಚಳಿಗಾಲದ ಹಿಮದಲ್ಲಿ ಮೊಂಟಾನಾ, ಡಕೋಟಾ, ವಯೋಮಿಂಗ್ ಸೀಮೆಗಳಲ್ಲಿ ದನಗಳು ಲಕ್ಷಗಟ್ಟಲೆ ಸತ್ತವು. ಲಾಭದ ಆಸೆಯಿಂದ ಹುಲ್ಲು ತಾಳುವುದಕ್ಕಿಂತ ಹೆಚ್ಚು ದನ ತುಂಬಿದ್ದ ಕಂಪನಿಗಳು ಮುಳುಗಿದವು. ಕೂಲಿಯವನು ಬೇಲಿ ಕಟ್ಟುವ, ಹುಲ್ಲು ಕೊಯ್ಯುವ ಕೆಲಸಕ್ಕೆ ಇಳಿದನು. ನ್ಯಾಟ್ ಲವ್ ಎಂಬ ಕಪ್ಪು ಕೌಬಾಯಿಯು ರೈಲಿನಲ್ಲಿ ಮಲಗುವ ಗಾಡಿಯ ಪರಿಚಾರಕನಾದನು. ೧೯೦೭ರಲ್ಲಿ ಅವನು ಪ್ರಕಟಿಸಿದ ಆತ್ಮಚರಿತ್ರೆಯಲ್ಲಿ ಎರಡು ಕೆಲಸಗಳ ವರ್ಣನೆಯೂ ಇದೆ.

ವಿಪರ್ಯಾಸವೆಂದರೆ, ಮನುಷ್ಯನು ಅಳಿಯುತ್ತಿದ್ದಂತೆ ಕಥೆ ಬೆಳೆಯತೊಡಗಿತು. ಕಾಡೆಮ್ಮೆಗಳ ಬೇಟೆಯಿಂದ ಹೆಸರಾದ ವಿಲಿಯಮ್ ಕೋಡಿ ೧೮೮೩ರಲ್ಲಿ ಒಮಾಹಾ ನಗರದಲ್ಲಿ ತನ್ನ ಪ್ರದರ್ಶನವನ್ನು ಆರಂಭಿಸಿದನು. ಮುಷ್ಕರ ಮುರಿದ ವರ್ಷವೂ ಅದೇ. ೧೮೮೭ರಲ್ಲಿ ಆ ಪ್ರದರ್ಶನ ಲಂಡನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ನಡೆಯಿತು. ೧೯೦೨ರಲ್ಲಿ ಓವೆನ್ ವಿಸ್ಟರ್ ಎಂಬವನು ‘ದಿ ವರ್ಜಿನಿಯನ್’ ಎಂಬ ಕಾದಂಬರಿಯನ್ನು ಬರೆದನು. ವಯೋಮಿಂಗಿನ ದೊಡ್ಡ ಧಣಿಗಳಲ್ಲಿ ಅವನಿಗೆ ಸ್ನೇಹವಿತ್ತು. ಅವನ ನಾಯಕನು ದನಗಳ್ಳನೆಂದು ತನ್ನ ಮಿತ್ರನನ್ನೇ ನೇಣಿಗೆ ಹಾಕುವನು. ಹಾಗೆ ವಿಚಾರಣೆಯಿಲ್ಲದೆ ಕೊಲ್ಲುವುದು ನ್ಯಾಯವೆಂದು ಕಾದಂಬರಿಯಲ್ಲಿ ಒಬ್ಬ ನ್ಯಾಯಾಧೀಶನಿಂದಲೇ ಹೇಳಿಸಿದೆ. ಇಡೀ ಗ್ರಂಥದಲ್ಲಿ ದನ ಕಾಯುವ ಕೆಲಸ ಹುಡುಕಿದರೂ ಸಿಗುವುದು ಅಪರೂಪ. ಮರುವರ್ಷವೇ, ೧೯೦೩ರಲ್ಲಿ, ನಿಜವಾಗಿ ಮಂದೆಗಳೊಡನೆ ನಡೆದಿದ್ದ ಆಂಡಿ ಆಡಮ್ಸ್ ‘ದಿ ಲಾಗ್ ಆಫ್ ಎ ಕೌಬಾಯ್’ ಎಂಬುದನ್ನು ಬರೆದನು. ಮೆಕ್ಸಿಕೋದ ಗಡಿಯಿಂದ ಮೊಂಟಾನಾದವರೆಗೆ ಸುಮಾರು ಮೂರು ಸಾವಿರ ದನಗಳನ್ನು ಐದ ತಿಂಗಳು ನಡೆಸಿದ ಕಥೆ ಅದು. ಕಾಡೆಮ್ಮೆ ಅಳಿದು ಹಸಿದಿದ್ದ ಬ್ಲ್ಯಾಕ್‌ಫುಟ್ ಜನರಿಗೆಂದು ಸರ್ಕಾರ ಕೊಂಡ ದನಗಳು ಅವು. ಅದರಲ್ಲಿ ಧೂಳಿದೆ, ಹೊಳೆಯಿದೆ, ನಿದ್ರೆಗೆಟ್ಟ ಕಣ್ಣುಗಳಿವೆ. ಚಲಚ್ಚಿತ್ರಗಳು ಹಿಡಿದುದು ವಿಸ್ಟರನ ದಾರಿಯನ್ನು. ಆಡಮ್ಸನ ದಾರಿಯಲ್ಲಿ ನಡೆದವರು ಕೆಲವರೇ. ಧಣಿಯ ಕಣ್ಣಿನಿಂದ ಕಂಡ ಕೂಲಿಕಾರನು ಲೋಕದ ವೀರನಾದನು; ಕೂಲಿಕಾರನ ಕಣ್ಣಿನಿಂದ ಕಂಡ ಕೂಲಿಕಾರನು ಗ್ರಂಥಭಂಡಾರದ ಮೂಲೆ ಸೇರಿದನು.

ಇಲ್ಲಿ ಮಿತ್ರರು ಒಂದು ಆಕ್ಷೇಪವನ್ನು ತರಬಹುದು: ಕಾವ್ಯವೆಂದರೆ ಇತಿಹಾಸವಲ್ಲ, ಕವಿಗೆ ಸ್ವಾತಂತ್ರ್ಯವಿಲ್ಲವೆ? ಇದೆ. ರಸಕ್ಕೆ ಅನುಗುಣವಾಗಿ ಕಥೆಯನ್ನು ತಿದ್ದಲು ನಮ್ಮ ಆಲಂಕಾರಿಕರೂ ಅನುಮತಿ ಕೊಟ್ಟಿರುವರು. ಆದರೆ ಔಚಿತ್ಯವನ್ನು ಮೀರಲು ಕೊಟ್ಟಿಲ್ಲ. ಕೊಂದವನನ್ನು ರಕ್ಷಕನೆಂದೂ, ಕೊಲ್ಲಲ್ಪಟ್ಟವನನ್ನು ಕಳ್ಳನೆಂದೂ, ನೆಲ ಕಳೆದುಕೊಂಡವರನ್ನು ಇರಲೇ ಇಲ್ಲವೆಂದೂ ಹೇಳುವುದು ತಿದ್ದುಪಾಟಲ್ಲ. ಅದನ್ನೂ ಕಥೆಯೆಂದು ಓದಿ ಮರೆಯುವುದಾದರೆ ಕ್ಷಮಿಸಬಹುದು. ಮಿತ್ರರು ಅದನ್ನು ಚರಿತ್ರೆಯೆಂದು ಬರೆದು, ನಮ್ಮ ಯುವಕರಿಗೆ ಆದರ್ಶವೆಂದು ತೋರಿಸಿರುವುದರಿಂದಲೇ ವಿವಾದ ಹುಟ್ಟಿದುದು. ಇನ್ನೊಂದು ಆಕ್ಷೇಪ: ಹಾಗಾದರೆ ಆ ಕೌಬಾಯಿಯಲ್ಲಿ ಮೆಚ್ಚತಕ್ಕುದು ಏನೂ ಇಲ್ಲವೆ? ಬೇಕಾದಷ್ಟಿದೆ. ಬೆದರಿದ ಮಂದೆಯ ಮುಂದೆ ಕತ್ತಲಲ್ಲಿ ಕುದುರೆ ಬಿಟ್ಟವನ ಎದೆಗಾರಿಕೆ, ಒಂದು ಸಾವಿರ ಮೈಲಿ ನಡೆಸಿ ದನವನ್ನು ಎಣಿಸಿ ಒಪ್ಪಿಸಿದವನ ಪ್ರಾಮಾಣಿಕತೆ, ಬಡ ಸಂಬಳದವನು ಧಣಿಯ ಎದುರಿಗೆ ಹಾಕಿದ ರುಜು, ಇವು ಪಿಸ್ತೂಲಿಗಿಂತ ದೊಡ್ಡವು. ಕಥೆಗಾರರು ಅವನಿಗೆ ಪಿಸ್ತೂಲು ಕೊಟ್ಟು ಇವನ್ನು ಕಸಿದುಕೊಂಡರು. ನಾನು ಅವನ ವಿರೋಧಿಯಲ್ಲ, ಅವನ ಪರವಾದ ವಕೀಲನು.

ಕೊನೆಯದಾಗಿ ವಾಚಕರಲ್ಲಿ ಒಂದು ಮಾತು. ಪಾಠ ಬಾರದ ಹುಡುಗನನ್ನು ‘ದನ ಕಾಯಲು ಹೋಗು’ ಎಂದು ಬಯ್ಯುವುದು ನಮ್ಮ ಸೀಮೆಯ ವಾಡಿಕೆ. ಅದೇ ಹುಡುಗನಿಗೆ ಹಬ್ಬದಲ್ಲಿ ಕೌಬಾಯ್ ಟೊಪ್ಪಿಗೆಯನ್ನೂ ಆಟದ ಪಿಸ್ತೂಲನ್ನೂ ಕೊಂಡುಕೊಟ್ಟು ಕಣ್ತುಂಬ ನೋಡುವವರೂ ನಾವೇ. ದನ ಕಾಯುವುದು ಹೀನವಾದರೆ ಟೆಕ್ಸಸ್ಸಿನಲ್ಲಿಯೂ ಹೀನ. ಘನವಾದರೆ ನಮ್ಮ ಊರಿನ ಗೋಮಾಳದಲ್ಲಿಯೂ ಘನ. ಒಂದೇ ಕೆಲಸಕ್ಕೆ ಎರಡು ತೂಕದ ಕಲ್ಲುಗಳನ್ನಿಟ್ಟುಕೊಂಡ ವರ್ತಕನನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ. ವಿದ್ಯಾವಂತರೆನ್ನಿಸಿಕೊಂಡ ನಾವು ಮೊದಲು ತಕ್ಕಡಿಯನ್ನು ಸರಿಮಾಡಿಕೊಳ್ಳೋಣ. ವೀರರು ಯಾರೆಂಬ ತೀರ್ಪನ್ನು ಆಮೇಲೆ ಕೊಡೋಣ.